ಹೊಳೆಗೆ ಹೇಳದೆ ಉಳಿದದ್ದು

ಹೊಳೆ ತಿರುಗುವ ಕಡೆ ಒಂದು ಆಶ್ರಮವಿತ್ತು. ಅಲ್ಲಿ ಜಪ ತಪಕ್ಕಿಂತ ಮಕ್ಕಳ ಗಲಾಟೆಯೇ ಹೆಚ್ಚು.

ನಿದ್ದೆ ಬಾರದ ಮಕ್ಕಳು, ಮಾತು ಬಿಟ್ಟ ಮಕ್ಕಳು, ಸುಮ್ಮಸುಮ್ಮನೆ ಸಿಡಿಯುವ ಹುಡುಗರು, ಕನ್ನಡಿ ಕಂಡರೆ ಮುಖ ತಿರುಗಿಸುವ ಹುಡುಗಿಯರು. ಯಾರೋ ಹೇಳಿದ್ದು ಕೇಳಿ ಹೆತ್ತವರು ಕೈಹಿಡಿದು ಕರೆತರುತ್ತಿದ್ದರು.

ಅವರನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಸಿದ್ದಮ್ಮ. ವಯಸ್ಸಾಗಿತ್ತು, ಮೊಣಕಾಲು ನೋಯುತ್ತಿತ್ತು, ನಾಲಿಗೆ ಮಾತ್ರ ಚುರುಕಾಗಿಯೇ ಇತ್ತು. ಮಕ್ಕಳಿಗೆ ಅವರು ಅಜ್ಜಿ, ಶಿಷ್ಯರಿಗೆ ತಾಯಿ.

ಒಂದು ದಿನ ಶ್ರೀಕಂಠ ಎಂಬ ತರುಣ ಬಂದು ಅವರ ಕಾಲಿಗೆ ಬಿದ್ದ. ದೊಡ್ಡ ವಿದ್ಯಾಲಯವೊಂದರಲ್ಲಿ ಮಕ್ಕಳ ಮನಸ್ಸಿನ ಬಗ್ಗೆ ಸಂಶೋಧನೆ ಮಾಡಿದವನು. ಓದಿದ್ದು ಅವನ ತಲೆಯಲ್ಲೂ ಇತ್ತು, ಹೊತ್ತು ತಂದ ಟ್ರಂಕಿನಲ್ಲೂ ಇತ್ತು.

"ಏನು ಕಲ್ತಿದೀಯಪ್ಪ?" ಎಂದರು ತಾಯಿ.

"ನೊಂದ ಮಕ್ಕಳಿಗೆ ಯಾವುದು ಒಳ್ಳೇದು, ಯಾವುದರಿಂದ ಕೆಡುಕಾಗುತ್ತೆ ಅಂತ ತಿಳಿದವರು ಹುಡುಕಿರೋದನ್ನ ಓದಿದೀನಿ. ನಾನೂ ಒಂದಿಷ್ಟು ಹುಡುಕಿದೀನಿ ತಾಯಿ."

"ಹೇನು ತೆಗೆಯೋಕೆ ಬರುತ್ತಾ?"

"ಇಲ್ಲ."

"ಸರಿ, ಅದರಿಂದ ಶುರು ಮಾಡು. ಬಾಚಣಿಗೆ ಆ ಗೂಡಲ್ಲಿದೆ."

ಶ್ರೀಕಂಠ ದಿನವೂ ಮಕ್ಕಳ ತಲೆ ಬಾಚಿದ. ಮಕ್ಕಳು ಅವನನ್ನು ಅಣ್ಣ ಎಂದು ಹಚ್ಚಿಕೊಂಡರು. ಹೇನು ಅವನ ತಲೆಗೂ ಹತ್ತಿತು. ತಾಯಿ ಅದನ್ನು ಕಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಅವನನ್ನು ಮುಂದೆ ಕೂರಿಸಿಕೊಂಡು ತಾವೇ ಬಾಚಿದರು.

ಅವನಿಗೆ ಅವರ ಮೇಲೆ ಎಷ್ಟು ಭಕ್ತಿ ಹುಟ್ಟಿತೆಂದರೆ, ಟ್ರಂಕಿನ ಬೀಗ ತೆಗೆಯುವುದನ್ನೇ ಬಿಟ್ಟ.

ಒಂದು ಮಧ್ಯಾಹ್ನ ಜವರಮ್ಮ ಎಂಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಳು. ಮಗಳ ಹೆಸರು ಮಂಗಳ. ಆಗಷ್ಟೇ ಬೆಳೆಯುತ್ತಿದ್ದ ಹುಡುಗಿ, ಕೈಕಾಲು ಉದ್ದ, ಮುಖ ಇನ್ನೂ ಮಗುವಿನದು.

"ಹಿತ್ತಲಲ್ಲಿ ಹುಲ್ಲು ತುಂಬೋ ಗುಡಿಸಲಿತ್ತು ತಾಯಿ. ಅದಕ್ಕೆ ಬೆಂಕಿ ಬಿತ್ತು. ನನ್ನ ಚಿಕ್ಕ ಮಗಳು ಚಿನ್ನಿ ಒಳಗೇ ಉಳಿದುಬಿಟ್ಲು. ಇವಳು ಹೊರಗಿದ್ಲು, ಎಲ್ಲ ನೋಡಿದಾಳೆ. ತಿಥಿ ಮುಗಿಸಿ ನೇರ ಇಲ್ಲಿಗೇ ಬಂದ್ವಿ" ಎಂದಳು ಜವರಮ್ಮ. "ಇವಳಿಗೆ ಸರಿಯಾಗಿ ನಿದ್ದೆ ಇಲ್ಲ. ಒಬ್ಬಳು ಹೋದ್ಲು. ಇವಳನ್ನೂ ಕಳ್ಕೊಂಡ್ರೆ ನಾನು ಬದುಕಲ್ಲ ತಾಯಿ."

ಮಂಗಳ ನೆಲ ನೋಡುತ್ತ ಕೂತಿದ್ದಳು. ಶ್ರೀಕಂಠ ಮಜ್ಜಿಗೆ ಕೊಟ್ಟ. ಕುಡಿದಳು. ಇನ್ನೂ ಬೇಕಾ ಎಂದಾಗ ಸಾಕು ಎಂದಳು.

"ಸಂಜೆ ಹೊಳೆಗೆ ಹೇಳಿಸೋಣ" ಎಂದರು ತಾಯಿ.

ಅದು ಆಶ್ರಮದ ಪದ್ಧತಿ. ಬಂದ ದಿನವೇ ಸಂಜೆ ಮಗುವನ್ನು ಹೊಳೆಯ ಕೊನೆಯ ಮೆಟ್ಟಿಲ ಮೇಲೆ ಕೂರಿಸುವುದು. ಸಿದ್ದಮ್ಮ ತಾಯಿ ಪಕ್ಕದಲ್ಲಿ ಕೂರುವುದು. ಮಗು ತನಗಾದದ್ದನ್ನೆಲ್ಲ ಮೊದಲಿಂದ ಕೊನೆಯವರೆಗೆ ಹೊಳೆಗೆ ಹೇಳುವುದು. ಹೇಳಿ ಮುಗಿದ ಮೇಲೆ ಒಂದು ಮುಳುಗು ಹಾಕಿಸಿ, ಮೈ ಒರೆಸಿ, ಬಿಸಿ ಅನ್ನ ಹಾಕುವುದು. ದುಃಖ ಹೊಳೆಯ ಪಾಲು, ಮಗು ನಮ್ಮ ಪಾಲು ಎನ್ನುತ್ತಿದ್ದರು ತಾಯಿ.

ಶ್ರೀಕಂಠ ಬಂದ ಮೇಲೆ ಹೊಸ ಮಗು ಬಂದಿರಲಿಲ್ಲ, ಈ ಪದ್ಧತಿಯನ್ನು ಅವನು ಕಾಣುವುದು ಅದೇ ಮೊದಲು. ಓದಿದ್ದೆಲ್ಲ ಗಂಟಲಿಗೆ ಬಂತು.

"ತಾಯಿ..." ಎಂದ.

"ಏನಪ್ಪ?"

ಅವನು ಅವರ ಮುಖ ನೋಡಿದ. ಅಷ್ಟು ಮಕ್ಕಳನ್ನು ಸಾಕಿದ ಮುಖ. ತಾನು ಯಾವ ಲೆಕ್ಕ ಎನ್ನಿಸಿತು.

"ಏನಿಲ್ಲ. ಮೆಟ್ಟಿಲ ಮೇಲೆ ಚಾಪೆ ಹಾಕ್ಲಾ?"

"ಹಾಕು."

ಸಂಜೆ ಮಂಗಳ ಹೊಳೆಗೆ ಹೇಳಿದಳು. ಹೊಗೆ ಬಂದದ್ದು ಹೇಳಿದಳು. ಊರವರು ಕೊಡ ಹಿಡಿದು ಓಡಿದ್ದು ಹೇಳಿದಳು. ನಿಂತಾಗೆಲ್ಲ ತಾಯಿ ಮೆಲ್ಲಗೆ ಬೆನ್ನು ಸವರಿ, "ಆಮೇಲೆ?" ಎನ್ನುತ್ತಿದ್ದರು. ಅವಳು ಮತ್ತೆ ಹೇಳುತ್ತಿದ್ದಳು. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಪಾಠ ಒಪ್ಪಿಸುವ ಹಾಗೆ ಕೊನೆಯವರೆಗೂ ಹೇಳಿದಳು.

ಮುಳುಗು ಹಾಕಿಸಿದರು. "ಆಯ್ತು ಮಗ. ಹೊಳೆ ತಗೊಂಡು ಹೋಯ್ತು" ಎಂದು ಅಪ್ಪಿಕೊಂಡರು.

ಬಿಸಿ ಅನ್ನ ಹಾಕಿದರು. ಮಂಗಳ ಮುಟ್ಟಲಿಲ್ಲ.

ಮಾರನೆಯ ದಿನ ಮಾತೂ ನಿಂತಿತು. ಒಲೆಯ ಹೊಗೆ ಮೂಗಿಗೆ ತಾಕಿದರೆ ಸಾಕು, ಚಿಟ್ಟನೆ ಚೀರಿ ಗೋಡೆಗೆ ಅಂಟಿಕೊಳ್ಳುತ್ತಿದ್ದಳು. ತಾಯಿ ತುಪ್ಪ ಕಲಸಿ ತುತ್ತು ಮಾಡಿದರು. ಕತೆ ಹೇಳಿದರು. ತೊಡೆಯ ಮೇಲೆ ಮಲಗಿಸಿಕೊಂಡರು. ಹುಡುಗಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ದಿನ ಕಳೆದಂತೆ ಕೆನ್ನೆ ಒಳಗೆ ಹೋಯಿತು.

ಆಶ್ರಮದಲ್ಲೇ ಉಳಿದಿದ್ದ ಜವರಮ್ಮ ಬಂದು ತಾಯಿಯ ಕಾಲು ಹಿಡಿದಳು. "ಇಲ್ಲಿಗೆ ಬರೋವಾಗ ಒಂದು ತುತ್ತಾದ್ರೂ ತಿಂತಿದ್ಲು ತಾಯಿ!"

ಆವತ್ತು ತಾಯಿಯೂ ಊಟ ಬಿಟ್ಟರು.

ಶ್ರೀಕಂಠನನ್ನು ಕರೆದರು.

"ಇಂಥ ಮಗೂಗೆ ನಿಮ್ಮ ಸಂಶೋಧನೆ ಏನು ಹೇಳುತ್ತೆ?"

ಅವನು ತಲೆ ತಗ್ಗಿಸಿದ.

"ಹೇಳು ಮಗ. ನನಗೆ ಕೈ ಕಟ್ಟಿಹಾಕ್ದಂಗಾಗಿದೆ."

"ಕೆಟ್ಟದ್ದನ್ನ ಕಂಡ ಮಗೂನ ಕೂಡ್ಲೇ ಕೂರಿಸ್ಕೊಂಡು, ಎಲ್ಲ ಹೇಳು ಅನ್ನಬಾರದು ಅಂತ ಹೇಳುತ್ತೆ ತಾಯಿ. ಹಾಗೆ ಹೇಳಿಸಿದವರನ್ನೂ ಹೇಳಿಸದೆ ಬಿಟ್ಟವರನ್ನೂ ಎಷ್ಟೋ ಕಾಲ ಗಮನಿಸಿದಾರೆ. ಹೇಳಿಸಿದ್ದರಿಂದ ಒಳ್ಳೇದೇನೂ ಆಗ್ಲಿಲ್ಲ. ಕೆಲವರಿಗೆ ಇನ್ನೂ ಕಷ್ಟ ಆಯ್ತು."

"ಆವತ್ತು ಸಂಜೆ ನಿನಗಿದು ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ?"

"ನೀವು ಗುರುಗಳು. ನಿಮ್ಮ ಪದ್ಧತಿ. ನಾನು ಹೇಗೆ..."

"ನನ್ನ ಮರ್ಯಾದೆ ಕಾಯೋಕೆ ನಿಂತ್ಕೊಂಡೆ" ಎಂದರು ತಾಯಿ. "ಆ ಹುಡುಗೀನ ಯಾರು ಕಾಯ್ಬೇಕಿತ್ತೋ?"

ಶ್ರೀಕಂಠ ಮುಖ ಮುಚ್ಚಿಕೊಂಡು ಅತ್ತ. ತಾಯಿಗೆ ಸಿಟ್ಟು ಬಂದಿತ್ತು, ನಿಜ. ಆದರೆ ಅವನು ಅಳುವುದನ್ನು ನೋಡಿ ಸಿಟ್ಟು ನಿಲ್ಲಲಿಲ್ಲ. ಸೆರಗಿನಲ್ಲಿ ಅವನ ಮುಖ ಒರೆಸಿದರು.

"ಆದ್ರೂ ಒಂದು ಹೇಳು" ಎಂದರು. "ನಾನೂ ಚಿಕ್ಕವಳಿದ್ದಾಗ ಹೀಗೇ ಬಂದೋಳು. ಅಮ್ಮ ಸತ್ತು ಮಾತು ನಿಂತು ಹೋಗಿತ್ತು. ಇದೇ ಮೆಟ್ಟಿಲ ಮೇಲೆ ಕೂತು ಹೇಳಿದೆ. ಹೇಳಿದ ಮೇಲೇ ಮನುಷ್ಯಳಾದೆ. ಅದು ಸುಳ್ಳಾ?"

"ಸುಳ್ಳಲ್ಲ ತಾಯಿ. ನೀವು ಬಂದ ದಿನವೇ ಹೇಳಿದ್ರಾ?"

"ಬಂದ ದಿನ..." ತಾಯಿ ನೆನೆಸಿಕೊಂಡರು. "ಇಲ್ಲ. ಬಂದಾಗ ಹೊಳೇಲಿ ನೀರು ತಳಕ್ಕಿಳಿದಿತ್ತು. ಹೇಳಿದಾಗ ನೀರು ಮೆಟ್ಟಿಲು ಮುಟ್ಟಿತ್ತು."

"ನಿಮ್ಮ ಗುರುಗಳು ಹೇಳು ಅಂದ್ರಾ?"

"ಎಲ್ಲಿಯ ಮಾತು! ಅವರು ಬಟ್ಟೆ ಒಗೀತಿದ್ರು. ನಾನು ಹಿಂಡಿ ಕೊಡ್ತಿದ್ದೆ. ದಿನಾ ಅದೇ ಕೆಲಸ. ಒಂದು ದಿನ ನಾನಾಗೇ..."

ಶ್ರೀಕಂಠ ಮುಂದೆ ಕೇಳಲಿಲ್ಲ.

"ಹೇಳಿದ್ದೊಂದೇ ನೆನಪಿಟ್ಕೊಂಡೆ" ಎಂದರು ತಾಯಿ. "ಅವರು ಕಾದಿದ್ದನ್ನ ಮರೆತುಬಿಟ್ಟೆ."

ಎದ್ದು ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ಕೊನೆಯ ಮೆಟ್ಟಿಲ ಮೇಲಿದ್ದ ಚಾಪೆ ಸುತ್ತಿಕೊಂಡು ಬಂದು ಅವನ ಕೈಗೆ ಕೊಟ್ಟರು.

"ಇನ್ನು ಇದನ್ನ ಊಟದ ಸಾಲಿಗೆ ಹಾಸು. ಈ ಹುಡುಗೀನ ನೀನು ನೋಡ್ಕೊ. ಟ್ರಂಕು ಬಿಚ್ಚು."

ಶ್ರೀಕಂಠ ಟ್ರಂಕು ಬಿಚ್ಚಿದ. ಓದಿದ. ಕೆಲಸಕ್ಕೆ ನಿಂತ.

ಮಂಗಳಳನ್ನು ಯಾರೂ ಏನೂ ಕೇಳಬಾರದು ಎಂದ. ಸ್ನಾನ, ಊಟ, ನಿದ್ದೆ ದಿನವೂ ಅದದೇ ಹೊತ್ತಿಗೆ ಆಗಬೇಕು ಎಂದ. ಅವ್ವ ಪಕ್ಕದಲ್ಲೇ ಮಲಗಬೇಕು. ತಿನ್ನು ತಿನ್ನು ಎಂದು ಕಾಡಬಾರದು, ತಟ್ಟೆ ಇಟ್ಟು ಸುಮ್ಮನಿರಬೇಕು.

ಹಾಗೇ ಮಾಡಿದರು. ಕೆಲವು ದಿನಕ್ಕೆ ಹುಡುಗಿ ತಟ್ಟೆಗೆ ಕೈ ಹಾಕಿದಳು. ಇನ್ನೂ ಕೆಲವು ದಿನಕ್ಕೆ ಕಣ್ಣು ಮುಚ್ಚಿ ಮಲಗಿದಳು. ಜವರಮ್ಮ ಶ್ರೀಕಂಠನಿಗೆ ಕೈ ಮುಗಿದಳು. ತಾಯಿ ಅವನ ಬೆನ್ನಿಗೆ ಗುದ್ದು ಕೊಟ್ಟರು. ಅದು ಅವರ ಶಭಾಷ್.

ಶ್ರೀಕಂಠನಿಗೆ ಹುರುಪು ಬಂತು. ಹುರುಪು ಬಂದವನು ಸುಮ್ಮನಿರುತ್ತಾನೆಯೇ?

ಬೆಂಕಿ ಎಂಬ ಮಾತು ಆಶ್ರಮದಲ್ಲಿ ಯಾರ ಬಾಯಲ್ಲೂ ಬರಕೂಡದು ಎಂದ. ಒಲೆಯನ್ನು ಹಿಂದಿನ ಅಂಗಳಕ್ಕೆ ಸಾಗಿಸಿದ. ಅಡುಗೆಯವಳು ಹೆದರಿ, ಒಲೆಯನ್ನೇ 'ಅದು' ಎನ್ನತೊಡಗಿದಳು. "ಅದಕ್ಕೆ ಸೌದೆ ಇಕ್ಕಿ" ಎಂದು ಪಿಸುಗುಟ್ಟುತ್ತಿದ್ದಳು. ಅನ್ನ ಸೀದ ವಾಸನೆ ಬಂದರೂ ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದವು.

ಚಿನ್ನಿಯ ಹೆಸರೂ ಬೇಡ ಎಂದ. ಜವರಮ್ಮನಿಗೆ, "ಅಳು ಬಂದ್ರೆ ಕೊಟ್ಟಿಗೆ ಹಿಂದಕ್ಕೆ ಹೋಗಿ ಅತ್ತು ಬನ್ನಿ. ಅವಳ ಮುಂದೆ ಬೇಡ" ಎಂದ. ಪಾಪ, ಆ ಹೆತ್ತವಳು ಹಾಗೇ ಮಾಡಿದಳು. ಅತ್ತು ಬಂದು, ಕಣ್ಣು ಕಾಣಿಸಬಾರದೆಂದು ಮಗಳ ಮುಖ ನೋಡುವುದನ್ನೂ ಬಿಟ್ಟಳು.

ತಾಯಿ ಎಲ್ಲ ನೋಡುತ್ತಿದ್ದರು. ತಾವೇ ಒಪ್ಪಿಸಿದ ಕೆಲಸ, ನಡುವೆ ಬಾಯಿ ಹಾಕಲಿಲ್ಲ.

ಒಂದು ದಿನ ಶ್ರೀಕಂಠ ಮಂಗಳಳ ತಲೆ ಬಾಚುತ್ತಿದ್ದ. ಸಿಕ್ಕು ಬಿಡಿಸುತ್ತಿದ್ದ.

"ಅಣ್ಣ" ಎಂದಳು ಮಂಗಳ.

ಆಶ್ರಮಕ್ಕೆ ಬಂದ ಮೇಲೆ ಅವಳಾಗೇ ಆಡಿದ ಮೊದಲ ಮಾತು.

"ಏನವ್ವ?"

"ಚಿನ್ನಿ ಆವತ್ತು..."

ಬಾಚಣಿಗೆ ನಿಂತಿತು. ಹೇಳಿಸಬಾರದು, ಹೇಳಿಸಬಾರದು ಎಂದು ತಲೆಯಲ್ಲಿ ಓದಿದ್ದೆಲ್ಲ ಒಟ್ಟಿಗೆ ಕೂಗಿತು.

"ಬೇಡ ಮಗ" ಎಂದ ಪ್ರೀತಿಯಿಂದ. "ಅದೆಲ್ಲ ಈಗ ಬೇಡ. ಬಾ, ಚೌಕಾಬಾರ ಆಡೋಣ."

ಮಂಗಳ ಕತ್ತು ತಿರುಗಿಸಿ ಅವನನ್ನು ನೋಡಿದಳು. ಆಮೇಲೆ ಎದ್ದು ಬಂದು ಚೌಕಾಬಾರ ಆಡಿದಳು. ಗೆದ್ದಳು ಕೂಡ. ಸಂಜೆ ತಟ್ಟೆ ಮುಟ್ಟಲಿಲ್ಲ. ಮಾರನೆಯ ದಿನವೂ ಮುಟ್ಟಲಿಲ್ಲ.

ಶ್ರೀಕಂಠ ಕಂಗಾಲಾಗಿ ತಾಯಿಯ ಬಳಿಗೆ ಓಡಿದ.

"ತಾಯಿ, ಮಂಗಳ ಮತ್ತೆ..."

"ಬೇಡ ಮಗ" ಎಂದರು ತಾಯಿ. "ಅದೆಲ್ಲ ಈಗ ಬೇಡ. ಬಾ, ಚೌಕಾಬಾರ ಆಡೋಣ."

ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದಾಗಿತ್ತು. ಕವಡೆ ಕುಲುಕಿ ಹಾಕಿದರು.

"ಆಟ ಆಮೇಲೆ ತಾಯಿ. ಅವಳು ಮೊನ್ನೆ ಸಂಜೆಯಿಂದ..."

"ನೋಡು, ನಂದು ಚೌಕ ಬಿತ್ತು! ನೀನು ಹಾಕು."

"ತಾಯಿ, ಒಂದು ನಿಮಿಷ ನನ್ನ ಮಾತು..."

"ಎಂಥ ಒಳ್ಳೇ ಹುಡುಗ ನೀನು. ಕಾಯಿ ನಡೆಸು."

ಅವನು ಕವಡೆ ಹಾಕಿದ. ಕಾಯಿ ನಡೆಸಿದ. ಮತ್ತೆ ಬಾಯಿ ತೆರೆದ. ತಾಯಿ ಅವನ ಕೆನ್ನೆ ಸವರಿ, "ಆಟದ ಮೇಲೆ ಗಮನ ಇಡಪ್ಪ" ಎಂದರು. ಅವನಿಗೆ ಮೈಯೆಲ್ಲ ಉರಿಯಿತು.

"ಅಯ್ಯೋ, ನನಗೆ ಹೇಳೋಕೆ ಬಿಡ್ರಿ!" ಎಂದು ಕೂಗಿಯೇಬಿಟ್ಟ.

ಕೂಗಿದವನು ಹಾಗೇ ಕೂತ.

ತಾಯಿ ಕವಡೆಗಳನ್ನು ಒಟ್ಟುಮಾಡಿ ಉಡಿಗೆ ಹಾಕಿಕೊಂಡರು.

"ನಿಮ್ಮ ಓದಲ್ಲಿ ಏನಿತ್ತು?" ಎಂದರು ಮೆತ್ತಗೆ.

"ಬಲವಂತ ಮಾಡಿ ಬಾಯಿ ಬಿಡಿಸಬೇಡಿ ಅಂತ."

"ತಾನಾಗೇ ಬಿಟ್ಟ ಬಾಯಿ ಮುಚ್ಚಿಸಿ ಅಂತ ಇತ್ತಾ?"

"ಇಲ್ಲ. ಅವರಾಗೇ ಬಂದ್ರೆ ಪಕ್ಕದಲ್ಲಿರಿ ಅಂತಲೇ ಇದೆ. ಎಷ್ಟೋ ಸಲ ಓದಿದೀನಿ."

"ಓದಿದ್ದು ಸರಿಯಾಗೇ ಇತ್ತು. ನಿನಗೆ ಭಯ ಆಯ್ತು."

"ಹೌದು ತಾಯಿ. ನಿಮ್ಮ ತಪ್ಪು ನನ್ನ ಕೈಲಿ ಆಗಬಾರದು ಅಂತ ಭಯ ಆಯ್ತು."

"ಅದಕ್ಕೆ ನಿಂದೇ ಒಂದು ಹೊಸದು ಮಾಡಿದೆ" ಎಂದು ತಾಯಿ ನಕ್ಕರು. ಅವನಿಗೂ ಅಳುವಿನ ನಡುವೆ ನಗು ಬಂತು.

ಕಣ್ಣೊರೆಸಿಕೊಂಡು ಎದ್ದ. "ಈಗಲೇ ಹೋಗ್ತೀನಿ. ಏನಿದ್ರೂ ಹೇಳವ್ವ, ನಾನಿದೀನಿ ಅಂತೀನಿ."

"ಕೂತ್ಕೊಳೋ! ಮತ್ತೆ ಹೋಗಿ ಹೇಳು ಅಂತೀಯಾ? ಅವಳನ್ನೇನು ಬಾಗಿಲು ಅಂದ್ಕೊಂಡಿದೀಯಾ, ನಿನಗೆ ಬೇಕಾದಾಗ ತೆಗೆಯೋಕೆ, ಬೇಕಾದಾಗ ಹಾಕೋಕೆ?"

"ಮತ್ತೆ ಏನು ಮಾಡ್ಲಿ?"

"ಅವರೇಕಾಯಿ ಬಂದಿದೆ ಒಂದು ಮೂಟೆ. ಸುಲಿ."

"ಅಷ್ಟೇನಾ?"

"ಅವಳು ಪಕ್ಕದಲ್ಲಿ ಕೂತ್ರೆ ಕೂರಲಿ. ಜವರಮ್ಮನೂ ಕೂರಲಿ. ಆಯಮ್ಮಂಗೆ ಹೇಳು, ಅಳು ಬಂದ್ರೆ ಕೊಟ್ಟಿಗೆ ಹಿಂದಕ್ಕೆ ಹೋಗಬೇಕಿಲ್ಲ ಅಂತ. ಹೆತ್ತವಳು ಅಳೋದು ನೋಡಿ ಯಾವ ಮಗೂನೂ ಕೆಡೋದಿಲ್ಲ."

"ಓದಿನಲ್ಲೂ ಹಾಗೇ ಇದೆ ತಾಯಿ. ಅವ್ವಂದಿರು ಜೊತೆಗಿದ್ರೆ..."

"ಇದ್ಯಾ? ಒಳ್ಳೇದಾಯ್ತು ಬಿಡು. ಮೂಟೆ ಬಿಚ್ಚು."

ಮಧ್ಯಾಹ್ನದ ಹೊತ್ತು ಜಗಲಿಯ ಮೇಲೆ ಅವರೇಕಾಯಿ ಸುರಿದುಕೊಂಡು ಕೂತರು. ಮೊದಲ ದಿನ ಮಂಗಳ ದೂರದಿಂದ ನೋಡಿದಳು. ಮರುದಿನ ಹತ್ತಿರ ಬಂದು ಕೂತಳು. ಆಮೇಲೆ ಅವಳ ಕೈಯೂ ಕಾಯಿಗೆ ಹೋಯಿತು. ಶ್ರೀಕಂಠ ಏನೂ ಕೇಳಲಿಲ್ಲ. ಚೌಕಾಬಾರದ ಮಾತೂ ಎತ್ತಲಿಲ್ಲ. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಹಾಕುತ್ತ ಹೋದ. ಸುಮ್ಮನಿರುವುದು ಅಷ್ಟು ಕಷ್ಟ ಎಂದು ಅವನಿಗೆ ಯಾವ ವಿದ್ಯಾಲಯವೂ ಹೇಳಿರಲಿಲ್ಲ.

ಒಂದು ದಿನ ಜವರಮ್ಮ ಎಳೆಯ ಕಾಯೊಂದನ್ನು ಸುಲಿದು ಕಾಳನ್ನು ಅಂಗೈಲಿಟ್ಟುಕೊಂಡು ನೋಡಿದಳು.

"ಚಿನ್ನಿ ಇದನ್ನ ಹಸೀದೇ ತಿನ್ನೋಳು" ಎಂದಳು. ಹೇಳುತ್ತಲೇ ಗೋಳೋ ಎಂದು ಅತ್ತಳು.

ಶ್ರೀಕಂಠನ ಬಾಯಿಗೆ 'ಬೇಡ' ಎಂಬ ಮಾತು ಬಂತು. ನುಂಗಿಕೊಂಡ. ಕೈಯಲ್ಲಿದ್ದ ಕಾಯಿ ಸುಲಿದ.

ಮಂಗಳ ತಲೆಯೆತ್ತಿ ಅವ್ವನನ್ನೇ ನೋಡಿದಳು. ಅವ್ವ ಮುಖ ತಿರುಗಿಸಲಿಲ್ಲ.

"ಅವ್ವ" ಎಂದಳು ಮಂಗಳ. "ನಾವು ಕಣ್ಣಾಮುಚ್ಚಾಲೆ ಆಡ್ತಿದ್ವಿ."

ಜವರಮ್ಮನ ಅಳು ನಿಂತಿತು.

"ನಾನೇ ಅವಳಿಗೆ ಹೋಗಿ ಬಚ್ಚಿಟ್ಕೊ ಅಂದೆ. ಬೆಂಕಿ ಬಿದ್ದಾಗ ಚಿನ್ನಿ ಬಾರೇ, ಚಿನ್ನಿ ಬಾರೇ ಅಂತ ಕೂಗಿದೆ. ಹಿಡಿಯೋಕೆ ಕೂಗ್ತಿದೀನಿ ಅಂದ್ಕೊಂಡ್ಲು ಅವ್ವ. ನಕ್ಕೊಂಡು ಇನ್ನೂ ಒಳಗೆ ಹೋದ್ಲು. ಅವಳು ನಕ್ಕಿದ್ದು ನನಗೆ ಕೇಳಿಸ್ತು."

ಹೊಳೆಗೆ ಎಲ್ಲ ಹೇಳಿದ್ದಳು. ಇದನ್ನು ಹೇಳಿರಲಿಲ್ಲ.

ಈ ಒಂದು ಮಾತಿಗೆ ಅವ್ವ ಕೊಡುವ ಉತ್ತರದ ಮೇಲೆ ಹುಡುಗಿಯ ಬದುಕೇ ನಿಂತಿದೆ ಎಂದು ಶ್ರೀಕಂಠನಿಗೆ ಗೊತ್ತಿತ್ತು. ಆ ಉತ್ತರ ಅವನ ಯಾವ ಪುಸ್ತಕದಲ್ಲೂ ಇರಲಿಲ್ಲ.

ಜವರಮ್ಮ ಮಡಿಲಿನ ಕಾಯೆಲ್ಲ ನೆಲಕ್ಕೆ ಚೆಲ್ಲಿ ಮಗಳನ್ನು ಎಳೆದುಕೊಂಡಳು.

"ಅವಳಿಗೆ ಬಚ್ಚಿಟ್ಕೊ ಅಂತ ಯಾರು ಹೇಳಬೇಕಿತ್ತೇ? ಆ ಗುಡಿಸಲು ಅವಳ ಮನೆ ಆಗಿತ್ತು. ನನ್ನ ಮೇಲೆ ಮುನಿಸಿಕೊಂಡ್ರೂ ಅಲ್ಲೇ ಹೋಗಿ ಕೂರೋಳು. ಊಟಕ್ಕೆ ಕರೆದ್ರೂ ನಕ್ಕೊಂಡು ಒಳಗೇ ಹೋಗೋಳು. ನಾನು ಎಷ್ಟು ಸಲ ಕೂಗಿ ಕೂಗಿ ಸಾಕಾಗಿ ಒಳಗೆ ನುಗ್ಗಿ ಎತ್ಕೊಂಡು ಬಂದಿಲ್ಲ? ನಾನು ಕೂಗಿದ್ರೂ ಅವಳು ಬರ್ತಿರ್ಲಿಲ್ಲ ಕಣೇ. ನಾನು ಕೂಗಿದ್ರೂ ಬರ್ತಿರ್ಲಿಲ್ಲ."

"ನೀನು ನನ್ನ ಮುಖ ನೋಡೋದು ಬಿಟ್ಟೆ."

"ನನ್ನ ಕಣ್ಣು ನೀನು ನೋಡಬಾರದು ಅಂತ ಬಿಟ್ಟೆ. ಇಲ್ನೋಡು. ನೋಡ್ತಿದೀನಿ. ನೋಡ್ತಿದೀನಿ ಮಗಳೇ."

ಆಗ ಮಂಗಳ ಅತ್ತಳು. ಬೆಂಕಿ ಬಿದ್ದ ದಿನದಿಂದ ಒಂದು ಹನಿಯೂ ಬಂದಿರದ ಕಣ್ಣು. ಇಬ್ಬರೂ ಕಾಯಿ, ಸಿಪ್ಪೆಗಳ ನಡುವೆ ಕೂತು ಅತ್ತರು. ಶ್ರೀಕಂಠನೂ ಅತ್ತ, ತೋಳಿನಲ್ಲಿ ಮೂಗೊರೆಸಿಕೊಂಡ. ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದ ತಾಯಿ ಹೊರಗೆ ಬರಲಿಲ್ಲ.

ಸಂಜೆಯ ಹೊತ್ತಿಗೆ ಹುಡುಗಿಯ ದನಿ ಕೇಳಿಸಿತು.

"ಅವ್ವ, ಹಸಿವಾಗ್ತಿದೆ."

ಆವತ್ತಿನ ಹಿತಕಿದ ಅವರೆಬೇಳೆ ಸಾರು ಆಶ್ರಮದವರಿಗೆಲ್ಲ ಬಹಳ ದಿನ ನೆನಪಿತ್ತು. ಉಪ್ಪು ಹೆಚ್ಚಾಗಿತ್ತು ಎಂದು ಅಡುಗೆಯವಳೇ ಒಪ್ಪಿಕೊಂಡಳು. ಆದರೂ ಯಾರೂ ತಟ್ಟೆಯಲ್ಲಿ ಬಿಡಲಿಲ್ಲ.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಎಂದರೆ ಅದು ಸುಳ್ಳು. ಕೆಟ್ಟ ಕನಸು ಬೀಳುತ್ತಿತ್ತು. ಹೊಗೆ ಕಂಡರೆ ಕೈ ತಣ್ಣಗಾಗುತ್ತಿತ್ತು. ಶ್ರೀಕಂಠ ಓದಿದ್ದನ್ನು ನೆನೆದು, ಅವಳನ್ನು ಕೇಳಿಕೊಂಡೇ, ಒಲೆಯ ಕಡೆಗೆ ಇಷ್ಟಿಷ್ಟೇ ಕರೆದುಕೊಂಡು ಹೋದ. ಮೊದಲು ಅಂಗಳದವರೆಗೆ. ಆಮೇಲೆ ಸೌದೆ ರಾಶಿಯವರೆಗೆ. ಅವಳು ಸಾಕು ಎಂದ ಕಡೆ ನಿಂತ. ಅಡುಗೆಯವಳು 'ಅದನ್ನು' ಮತ್ತೆ ಒಲೆ ಎಂದಳು.

ಮಂಗಳ ತಾನೇ ಒಲೆ ಹಚ್ಚಿ ತಾಯಿಗೆ ಕಾಫಿ ಕಾಸಿ ಕೊಟ್ಟ ದಿನ, ಜವರಮ್ಮ ಮಗಳನ್ನು ಕರೆದುಕೊಂಡು ಊರಿಗೆ ಹೊರಟಳು.

"ಸುಗ್ಗಿ ಮುಗಿದ ಮೇಲೆ ಬೆಲ್ಲ ತಗೊಂಡು ಬಂದು ಕಾಲಿಗೆ ಬೀಳ್ತೀವಿ ತಾಯಿ" ಎಂದಳು.

"ಬೆಲ್ಲ ಬೇಡ" ಎಂದರು ತಾಯಿ. "ಇವಳು ಚೆನ್ನಾಗಿದ್ರೆ ಬರದಿದ್ರೂ ಪರವಾಗಿಲ್ಲ. ಚೆನ್ನಾಗಿಲ್ಲ ಅಂದ್ರೆ ಮಾತ್ರ ತಪ್ಪದೆ ಬಾ."

ಅವ್ವ ಮಗಳು ದಾರಿ ತಿರುವಿನಲ್ಲಿ ಮರೆಯಾದರು. ತಾಯಿ ಅಲ್ಲೇ ನಿಂತಿದ್ದರು. ಶ್ರೀಕಂಠ ಬಂದು ಪಕ್ಕದಲ್ಲಿ ನಿಂತ.

"ಇಷ್ಟು ವರ್ಷ ಬೆಲ್ಲ ಹಿಡ್ಕೊಂಡು ಬಂದವರು ಯಾರೋ?" ಎಂದರು ತಾಯಿ.

"ವಾಸಿಯಾದವರು ತಾಯಿ."

"ಅವರ ಮುಖ ನೋಡಿ ನೋಡಿ, ನನ್ನ ಪದ್ಧತಿ ಎಷ್ಟು ಚೆನ್ನಾಗಿದೆ ಅಂದ್ಕೊಂಡೆ. ಇಲ್ಲಿಂದ ಹೋದೋರು ಮತ್ತೆ ಬರ್ಲೇ ಇಲ್ಲ ಅಂದ್ರೆ, ನಿಮ್ಮ ವಿದ್ಯಾಲಯದಲ್ಲಿ ಏನು ಮಾಡ್ತಾರೆ?"

"ಹುಡುಕ್ಕೊಂಡು ಹೋಗಬೇಕು. ಬಾರದವರನ್ನ ಬಿಟ್ರೆ ನಮಗೆ ಗೊತ್ತಾಗಿದ್ದು ಅರ್ಧ ಸುಳ್ಳಾಗುತ್ತೆ."

ತಾಯಿ ತಲೆಯಾಡಿಸಿದರು. ಮಾರನೆಯ ಬೆಳಿಗ್ಗೆ ಕೋಲು ಹಿಡಿದು, ಒಂದು ಸೀರೆಯ ಗಂಟು ಕಟ್ಟಿಕೊಂಡು ಹೊರಬಾಗಿಲಲ್ಲಿ ನಿಂತಿದ್ದರು.

ಶ್ರೀಕಂಠ ಗಾಬರಿಯಾದ. "ನಿಮ್ಮ ಮೊಣಕಾಲಿಗೆ ಇದಾಗಲ್ಲ ತಾಯಿ. ಊರು ಹೇಳಿ, ನಾನು ಹೋಗ್ತೀನಿ."

"ಹೊಳೆಗೆ ಹೇಳು ಅಂತ ಕೂರಿಸಿದೋಳು ನಾನು. ನಾನೇ ಹೋಗ್ಬೇಕು. ನೀನು ಬೇಕಾದ್ರೆ ಜೊತೆಗೆ ಬಾ."

ಮಕ್ಕಳನ್ನು ಹಿರಿಯ ಶಿಷ್ಯರಿಗೆ ಒಪ್ಪಿಸಿ ಅವನು ಚಪ್ಪಲಿ ಮೆಟ್ಟಿಕೊಂಡ. ಹೊಳೆಯ ದಂಡೆ ಹಿಡಿದು ನಡೆದರು. ತಾಯಿ ಒಬ್ಬೊಬ್ಬರನ್ನೇ ನೆನೆಸಿಕೊಳ್ಳುತ್ತಿದ್ದರು. ತೊದಲುತ್ತಿದ್ದ ಒಬ್ಬ ಹುಡುಗ. ಅಪ್ಪನ ಹೆಸರೆತ್ತಿದರೆ ನಡುಗುತ್ತಿದ್ದ ಒಬ್ಬ ಹುಡುಗಿ. ಈಗ ಅವರಿಗೂ ಮಕ್ಕಳಾಗಿರಬಹುದು.

"ಹೋಗಿ ಏನು ಕೇಳ್ತೀರಿ ತಾಯಿ?"

"ನೀನೇ ಹೇಳು."

ಶ್ರೀಕಂಠ ಯೋಚಿಸಿದ. "ಹೇಗಿದೀಯ ಅಂತ ಕೇಳಬೇಕು. ಆಮೇಲೆ ಸುಮ್ಮನೆ ಕೂರಬೇಕು."

"ಪರವಾಗಿಲ್ಲ. ನಿನ್ನ ತಲೆಗೆ ಹೇನು ಬಿಟ್ಟು ಬೇರೇನೂ ಹತ್ತಿದೆ."

ಅವನು ನಕ್ಕ. ಸ್ವಲ್ಪ ದೂರ ನಡೆದ ಮೇಲೆ ನಗು ಹೋಯಿತು.

"ಕೆಲವರಿಗೆ ನಿಮ್ಮ ಮೇಲೆ ಸಿಟ್ಟಿರಬಹುದು ತಾಯಿ."

"ಇರಬೇಕಾದ್ದೇ."

"ಮುಖ ನೋಡಿ ಬಾಗಿಲು ಹಾಕ್ಕೊಂಡ್ರೆ?"

ತಾಯಿ ಕೋಲೂರಿ ನಿಂತು, ಉಸಿರು ತೆಗೆದುಕೊಂಡು, ಅವನ ಭುಜ ಹಿಡಿದರು.

"ಜಗಲಿ ಇರುತ್ತಲ್ಲೋ."